ಆರ್ವಿಲ್ ಕಂಡ ತೋಳ

ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ, ಕೆಲವರಿಗೆ ದುರ್ಬೀನು ಕೊಡುತ್ತಾನೆ. ನಮ್ಮ ಆರ್ವಿಲ್ ಸ್ಟೆನ್ಸ್ರುಡ್‌ಗೆ ಎರಡನೆಯದು ಸಿಕ್ಕಿತ್ತು. ಅದು ಎಷ್ಟು ದೊಡ್ಡದಿತ್ತೆಂದರೆ, ಕುತ್ತಿಗೆಗೆ ಹಾಕಿಕೊಂಡರೆ ಆಸಾಮಿ ಮುಂದಕ್ಕೆ ಬಾಗುತ್ತಿದ್ದ. ತೆಗೆದಿಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಬಾಗಿ ನಡೆಯುತ್ತಿದ್ದ.

ನೆಬ್ರಾಸ್ಕದ ನಮ್ಮೂರಿನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ನಾವು ಮೂವರು ಹಳೆಯ ಸ್ನೇಹಿತರು. ವ್ಯಾನು ಲೈಲ್‌ನದು. ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಹೊತ್ತಿಗೆ ಸರಿಯಾಗಿ ನಿಲ್ದಾಣದಲ್ಲಿ ಇರದ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದ, ಅದರಲ್ಲಿ ಅವನ ಸ್ವಂತ ಮಗನೂ ಸೇರಿದ್ದ. ನಾನು ವರ್ನ್, ಊರಿನ ಕ್ಷೌರಿಕ. ಇನ್ನು ಆರ್ವಿಲ್‌ನದು ಮೊಳೆ, ಬೋಲ್ಟು, ಸುತ್ತಿಗೆ ಮಾರುವ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಬ್ರಿಟಾಳನ್ನು ತಾನೇ ಬೆಳೆಸಿದ. ಆ ಬ್ರಿಟಾಳ ಮದುವೆಗೇ ನಾವು ಹೊರಟಿದ್ದು. ಹುಡುಗ ಎಮೆಟ್ ಆ ಉದ್ಯಾನದಲ್ಲೇ ರೇಂಜರ್. ಮದುವೆಯೂ ಅಲ್ಲಿಯ ಒಂದು ಹುಲ್ಲುಗಾವಲಿನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಆರ್ವಿಲ್ ಮಾಡಬೇಕಾದದ್ದು ಇಷ್ಟೇ: ಮಗಳ ಕೈ ಹಿಡಿದು ಪಾದ್ರಿಯ ಮುಂದಿನವರೆಗೆ ನಡೆಸಿಕೊಂಡು ಹೋಗುವುದು.

ಕೆಲಸ ಸುಲಭದ್ದೇ. ಆದರೆ ಮಗಳ ಯಾವ ಸಮಾರಂಭಕ್ಕೂ ಆರ್ವಿಲ್ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಶಾಲೆಯ ನಾಟಕಕ್ಕೆ ಹೋದಾಗ ಪರದೆ ಬಿದ್ದು ಕುರ್ಚಿ ಜೋಡಿಸುತ್ತಿದ್ದರು. ಕಾಲೇಜಿನ ಪದವಿ ಸಮಾರಂಭಕ್ಕೆ ಮಾತ್ರ ಸಮಯಕ್ಕೆ ಮುಂಚೆಯೇ ತಲುಪಿದ, ಆದರೆ ಅದು ಬೇರೆ ಕಾಲೇಜು. ಕೊನೆಯವರೆಗೂ ಕೂತು ಯಾರದೋ ಮಕ್ಕಳಿಗೆ ಚಪ್ಪಾಳೆ ತಟ್ಟಿ ಬಂದ. ಆದ್ದರಿಂದ ಬ್ರಿಟಾ ಈ ಸಲ ಫೋನು ಮಾಡಿದ್ದು ಅಪ್ಪನಿಗಲ್ಲ, ಲೈಲ್‌ಗೆ.

"ಲೈಲ್ ಅಂಕಲ್, ಅಲ್ಲಿ ಮದುವೆ ಮಾಡ್ಕೊಳ್ಳೋಕೆ ಅಪ್ಪಣೆ ಕೊಟ್ಟಿರೋದು ಮಧ್ಯಾಹ್ನ ಒಂದು ಗಂಟೆವರೆಗೆ ಮಾತ್ರ. ಆಮೇಲೆ ಜಾಗ ಖಾಲಿ ಮಾಡ್ಬೇಕು. ಅಪ್ಪ ಬರದೇ ಇದ್ರೆ ನಾನು ಒಬ್ಳೇ ನಡೀತೀನಿ. ಅಳಲ್ಲ. ಆದ್ರೆ ಇನ್ನು ಯಾವತ್ತೂ ಅವರಿಗೋಸ್ಕರ ಕಾಯಲ್ಲ."

ಲೈಲ್ ಈ ಮಾತನ್ನು ಇದ್ದ ಹಾಗೇ ತಂದು ಆರ್ವಿಲ್‌ಗೆ ಒಪ್ಪಿಸಿದ. ಅವತ್ತು ಆರ್ವಿಲ್ ಊಟ ಮಾಡಲಿಲ್ಲ. ನನ್ನ ಅಂಗಡಿಗೆ ಬಂದು, ಕತ್ತರಿಸಲು ಏನೂ ಉಳಿದಿರದ ತಲೆಯನ್ನು ಮುಂದಿಟ್ಟು, ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದ.

ದುರ್ಬೀನಿನ ಕಥೆ ಬೇರೆ. ಹಿಂದಿನ ವರ್ಷ ಎಮೆಟ್ ಊರಿಗೆ ಬಂದಾಗ, ಭಾವೀ ಅಳಿಯನ ಮುಂದೆ ತನಗೂ ಕಾಡುಮೇಡು ಗೊತ್ತು ಎಂದು ತೋರಿಸಿಕೊಳ್ಳಲು ಆರ್ವಿಲ್ ಮರದ ತುದಿ ತೋರಿಸಿ "ಗಿಡುಗ ನೋಡಪ್ಪಾ" ಎಂದಿದ್ದ. ಅದು ಪ್ಲಾಸ್ಟಿಕ್ ಚೀಲ. ಎಮೆಟ್ ಸಂಭಾವಿತ ಹುಡುಗ, ಬಹಳ ಹೊತ್ತು ಅದನ್ನೇ ನೋಡಿ "ಇರಬಹುದು ಸರ್" ಎಂದ. ಆ "ಇರಬಹುದು ಸರ್" ಆರ್ವಿಲ್‌ಗೆ ಮುಳ್ಳಿನಂತೆ ಚುಚ್ಚಿತ್ತು. ಅದಕ್ಕೇ ಈ ದುರ್ಬೀನು, ತಲೆಗೊಂದು ಬೇಟೆಗಾರನ ಟೋಪಿ.

ದಾರಿಯುದ್ದಕ್ಕೂ ಅವನು ನಮ್ಮನ್ನು ಗೋಳಾಡಿಸಿದ. ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಕಾಡುಕುರಿ ಎಂದು ಒಂದು ಬಂಡೆಯನ್ನು ತೋರಿಸಿ, ಅದು ಏಳಲಿ ಎಂದು ನಮ್ಮನ್ನು ಬಿಸಿಲಲ್ಲಿ ಕಾಯಿಸಿದ. ಡೆವಿಲ್ಸ್ ಟವರ್ ಹತ್ತಿರ, ಹತ್ತು ಮೈಲಿ ದೂರದಿಂದಲೇ ಕುರುಡನಿಗೂ ಕಾಣುವ ಆ ಕಲ್ಲಿನ ಕಂಬವನ್ನು ದುರ್ಬೀನಿನಲ್ಲಿ ಹುಡುಕಿ ಹುಡುಕಿ "ಮೋಡ ಅಡ್ಡ ಬಂದಿದೆ" ಎಂದ. ದುರ್ಬೀನಿನ ಮುಚ್ಚಳ ತೆಗೆದಿರಲಿಲ್ಲ. ಬಿಗ್‌ಹಾರ್ನ್ ಬೆಟ್ಟದಲ್ಲಿ ಅವನು ಕಂಡ ಸಾರಂಗ "ಅಂಬಾ" ಎಂದಿತು.

ಮದುವೆಯ ದಿನ ಬೆಳಿಗ್ಗೆ ಲೈಲ್ ನಮ್ಮನ್ನು ಬೇಗ ಎಬ್ಬಿಸಿ, ಕೋಟು ತೊಡಿಸಿ, ಪ್ಯಾನ್‌ಕೇಕ್ ತಿನ್ನಿಸಿ ಹೊರಡಿಸಿದ. ದಾರಿಯಲ್ಲಿ ಟೈರು ಹೋದರೂ, ಬೈಸನ್ ಹಿಂಡು ರಸ್ತೆ ದಾಟಿದರೂ, ಎರಡೂ ಒಟ್ಟಿಗೇ ಆದರೂ ಮಧ್ಯಾಹ್ನಕ್ಕೆ ಮುಂಚೆ ತಲುಪಬೇಕು ಎಂಬುದು ಅವನ ಲೆಕ್ಕ. ಆರ್ವಿಲ್ ಕುಡಿದ ಕಾಫಿ, ಅದಕ್ಕೂ ಮುಂಚೆ ನುಂಗಿದ ರಕ್ತದೊತ್ತಡದ ಮಾತ್ರೆ ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ. ಉದ್ಯಾನದ ಕಣಿವೆಗೆ ಇಳಿದು, ಹುಲ್ಲುಗಾವಲು ಇನ್ನೇನು ಎರಡು ತಿರುವಿನಾಚೆ ಇದೆ ಎನ್ನುವಾಗ ಹಿಂದಿನ ಸೀಟಿನಿಂದ ಧ್ವನಿ ಬಂತು.

"ಲೈಲ್, ಗಾಡಿ ನಿಲ್ಸು."

"ಯಾಕೆ?"

"ಒಂದಕ್ಕೆ."

"ಈಗ್ತಾನೆ ಹೋಟೆಲಲ್ಲಿ ಹೋಗಿದ್ಯಲ್ಲೋ!"

"ಅದು ಆಗಿನದ್ದು, ಇದು ಈಗಿನದ್ದು. ನಿಲ್ಸ್ತೀಯೋ, ಇಲ್ಲಾ ನಿನ್ನ ಸೀಟು..."

ಲೈಲ್ ನಿಲ್ಲಿಸಿದ. ಆರ್ವಿಲ್ ಕೋಟು, ಟೋಪಿ, ದುರ್ಬೀನು ಸಮೇತ ಇಳಿದು ಸೊಂಟದೆತ್ತರದ ಪೊದೆಯೊಂದರ ಹಿಂದೆ ಓಡಿದ. ಉದ್ಯಾನದಲ್ಲಿ ಕಂಡಕಂಡಲ್ಲಿ ಹೀಗೆ ಮಾಡುವುದು ತಪ್ಪು. ರೇಂಜರ್‌ನ ಮಾವನಾಗುವವನು, ಅದೂ ಮದುವೆಯ ದಿನ ಮಾಡುವುದಂತೂ ಕೇಳುವುದೇ ಬೇಡ.

ಅಲ್ಲಿ ಇನ್ನೊಂದು ಪದ್ಧತಿಯೂ ಇದೆ. ರಸ್ತೆ ಬದಿಯಲ್ಲಿ ಒಂದು ಗಾಡಿ ನಿಂತಿದೆ ಎಂದರೆ ಪ್ರಾಣಿ ಕಂಡಿದೆ ಎಂದೇ ಅರ್ಥ. ಹಿಂದಿನವನು ನಿಲ್ಲಿಸುತ್ತಾನೆ. ಅವನನ್ನು ನೋಡಿ ಅವನ ಹಿಂದಿನವನು ನಿಲ್ಲಿಸುತ್ತಾನೆ. ಏನು, ಎಲ್ಲಿ ಎಂದು ಕೇಳುವುದು ಆಮೇಲೆ. ಆರ್ವಿಲ್ ಪೊದೆಯಿಂದ ಹೊರಬರುವಷ್ಟರಲ್ಲಿ ನಮ್ಮ ಹಿಂದೆ ಒಂದು ಕೆಂಪು ಕಾರು ನಿಂತಿತ್ತು. ಅದರ ಕಿಟಕಿಯಿಂದ ಒಬ್ಬ ಹೆಂಗಸು ಅರ್ಧ ಮೈ ಹೊರಗೆ ಹಾಕಿದ್ದಳು.

"ಏನು ಸಿಕ್ತು? ಕರಡೀನಾ?"

ಆರ್ವಿಲ್ ಒಂದು ಕೈಯಲ್ಲಿ ಪ್ಯಾಂಟಿನ ಜಿಪ್ಪು ಎಳೆದುಕೊಳ್ಳುತ್ತಿದ್ದ. ಇನ್ನೊಂದು ಕೈ ತಾನಾಗಿ ದುರ್ಬೀನನ್ನು ಕಣ್ಣಿಗೆ ಏರಿಸಿತು. ಮುಖ ಗುಡ್ಡದ ಕಡೆ ತಿರುಗಿತು.

"ತೋಳ" ಎಂದ.

ತೋಳವೇ ಯಾಕೆ ಎಂದು ಆಮೇಲೆ ನಾನು ಕೇಳಿದೆ. "ಕರಡಿ ಅಂದ್ರೆ ಎಲ್ಲಿ ತೋರ್ಸು ಅಂತಾರೆ. ತೋಳ ಆದ್ರೆ ಆಗ್ಲೇ ಹೋಯ್ತು ಅನ್ಬಹುದು" ಎಂದ. ತರ್ಕ ಚೆನ್ನಾಗಿಯೇ ಇತ್ತು. ಆದರೆ ಯೆಲ್ಲೋಸ್ಟೋನ್‌ನಲ್ಲಿ "ತೋಳ" ಎನ್ನುವುದೂ, ನಮ್ಮೂರ ಚರ್ಚಿನ ಹೊರಗೆ ನಿಂತು "ಪುಕ್ಕಟೆ ಊಟ" ಎನ್ನುವುದೂ ಒಂದೇ ಎಂದು ಅವನಿಗೆ ಗೊತ್ತಿರಲಿಲ್ಲ.

ಕೆಂಪು ಕಾರಿನವಳು ಕಿರುಚಿದಳು. ಎದುರಿನಿಂದ ಬರುತ್ತಿದ್ದ ಬಸ್ಸು ನಿಂತಿತು. ಬಸ್ಸು ನಿಂತಿದ್ದಕ್ಕೆ ಅದರ ಹಿಂದಿನ ಇಪ್ಪತ್ತು ಗಾಡಿ ನಿಂತವು. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕುರ್ಚಿ ಎತ್ತಿಕೊಂಡು ಬಂದರು. ಲೈಲ್ ವ್ಯಾನಿನ ಹಾರ್ನ್ ಒತ್ತಿದರೆ ಸುತ್ತಲಿನವರೆಲ್ಲ ತುಟಿಗೆ ಬೆರಳಿಟ್ಟು "ಶ್!" ಎಂದರು.

"ಲೋ ಆರ್ವಿಲ್, ಹತ್ತೋ ಗಾಡಿ!" ಎಂದ ಲೈಲ್ ಹಲ್ಲು ಕಚ್ಚಿ.

"ಹತ್ತಿ ಎಲ್ಲಿಗೆ ಹೋಗ್ತೀಯಾ?" ಎಂದೆ ನಾನು. ನಮ್ಮ ಮುಂದೆ ಒಂದು ಮನೆಯಷ್ಟು ದೊಡ್ಡ ಗಾಡಿ ಅಡ್ಡಲಾಗಿ ನಿಂತಿತ್ತು. ಅದರ ಯಜಮಾನ ಛಾವಣಿ ಹತ್ತಿ ಕೂತಿದ್ದ. ಫೋನು ತೆಗೆದು ನೋಡಿದರೆ ಆ ಕಣಿವೆಯಲ್ಲಿ ಸಿಗ್ನಲ್ ಇರಲಿಲ್ಲ. ಆರ್ವಿಲ್‌ನ ಮುಖ ಬಿಳಿಚಿಕೊಂಡಿತು.

"ಹೋಯ್ತು, ಹೋಯ್ತು! ತೋಳ ಗುಡ್ಡದಾಚೆ ಹೋಯ್ತು! ಎಲ್ಲರೂ ಹೊರಡಿ!" ಎಂದು ಅವನು ಕೈ ಬೀಸಿದ.

"ಎಲ್ಲಿ ಹೋಯ್ತು? ಅಗೋ, ಆ ಮರದ ಕೆಳಗಿದೆಯಲ್ಲಾ!" ಎಂದ ವಿಗ್ ಹಾಕಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ. ಅದು ವಿಗ್ ಎಂದು ಅವನ ಹೆಂಡತಿಗೂ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾಗದೇ ಇರುತ್ತದೆಯೇ? ತಲೆಯ ಮೇಲೆ ಸುಳ್ಳು ಹೊತ್ತವನ ಬಾಯಲ್ಲಿ ಸತ್ಯ ಬಂದೀತೆ ಎಂದು ನಾನು ಅಂದುಕೊಳ್ಳುತ್ತಿದ್ದಂತೆ, ಇನ್ನೂ ಆರು ಜನ "ಹೌದು ಹೌದು, ಬಾಲ ಅಲ್ಲಾಡ್ತು" ಎಂದರು.

ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ಮೂರು ಕಾಲಿನ ದೂರದರ್ಶಕವನ್ನು ಹೆಗಲ ಮೇಲಿಟ್ಟುಕೊಂಡು ಮಿಸೆಸ್ ಪ್ರಿಡಿ ಬಂದರು. ನಿವೃತ್ತ ಟೀಚರು. ವರ್ಷದಲ್ಲಿ ಅರ್ಧ ಕಾಲ ಈ ಕಣಿವೆಯಲ್ಲೇ ಕೂತು ತೋಳ ನೋಡುವ ಜನರ ಪೈಕಿಯವರು, ಆ ಜನಕ್ಕೆಲ್ಲ ಹಿರಿಯರು. ಆರ್ವಿಲ್‌ನನ್ನು ಅವರು ಎರಡನೇ ತರಗತಿಯ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಮೊದಲು ನೋಡಿದ್ದು ನೀವಾ? ಬಣ್ಣ ಏನು? ಕಪ್ಪಾ, ಬೂದಿನಾ?"

"ಬೂ... ಬೂದಿ. ಸ್ವಲ್ಪ ಕಪ್ಪು. ಕಪ್ಪು ಬೂದಿ."

"ಒಂಟಿನಾ?"

"ಒಂಟಿ."

ಮಿಸೆಸ್ ಪ್ರಿಡಿಯ ಧ್ವನಿ ತಗ್ಗಿತು. "ಕುಂಟ್ತಾ ಇತ್ತಾ?"

ಬೇಗ ಮುಗಿದರೆ ಸಾಕು ಎಂದು ಆರ್ವಿಲ್ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಇದಕ್ಕೂ ಅಂದ. "ಹೂಂ ಮೇಡಂ, ಸ್ವಲ್ಪ."

ಮಿಸೆಸ್ ಪ್ರಿಡಿ ದೂರದರ್ಶಕ ಕೆಳಗಿಟ್ಟು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. "ಕುಂಟಜ್ಜಿ! ನಮ್ಮ ಕುಂಟಜ್ಜಿ ಬದುಕಿದ್ದಾಳೆ!"

ಕುಂಟಜ್ಜಿ ಎಂದರೆ ಆ ಕಣಿವೆಯ ಹಳೆಯ ಹೆಣ್ಣು ತೋಳವಂತೆ. ಹೋದ ಚಳಿಗಾಲದಿಂದ ಕಂಡಿರಲಿಲ್ಲವಂತೆ, ಸತ್ತಿದೆ ಎಂದು ಇವರೆಲ್ಲ ಮೇಣದಬತ್ತಿ ಹಚ್ಚಿ ದುಃಖಪಟ್ಟಿದ್ದರಂತೆ. ಈಗ ಗಂಡಸರು ಕಣ್ಣು ಒರೆಸಿಕೊಂಡರು. ಪರಿಚಯವಿಲ್ಲದವರು ತಬ್ಬಿಕೊಂಡರು. ಯಾರೋ ಆರ್ವಿಲ್‌ನ ಕೈಗೆ ಒಣಮಾಂಸದ ಪೊಟ್ಟಣ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು, ಗಲ್ಲಿಗೇರುವ ಮುಂಚೆ ಕೊಟ್ಟ ಊಟವೋ ಎಂಬಂತೆ ನೋಡುತ್ತಿದ್ದ.

"ವರ್ನ್, ಹೊತ್ತೆಷ್ಟು?" ಎಂದು ಪಿಸುಗುಟ್ಟಿದ.

ಲೈಲ್ ಹೇಳಿದ. ಬ್ರಿಟಾ ಹುಲ್ಲುಗಾವಲಿನಲ್ಲಿ ಬಂದು ನಿಂತಿರುವ ಹೊತ್ತು ಆಗಿತ್ತು.

"ನಡ್ಕೊಂಡೇ ಹೋಗೋಣ" ಎಂದು ಆರ್ವಿಲ್ ಹೆಜ್ಜೆ ಹಾಕಿದ. ಆದರೆ ಮಿಸೆಸ್ ಪ್ರಿಡಿ ಅವನ ಕೋಟಿನ ತೋಳು ಹಿಡಿದಿದ್ದರು. "ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ರೇಂಜರ್‌ಗೆ ಹೇಳಿ ಕಳ್ಸಿದ್ದೀವಿ. ಅವರ ಮುಂದೆ ನೀವೇ ಹೇಳ್ಬೇಕು."

ರೇಂಜರ್ ಬಂದ. ಕಪ್ಪು ಕೋಟು, ಎದೆಯಲ್ಲಿ ಬಿಳಿ ಹೂವು, ತಲೆಯ ಮೇಲೆ ಅಗಲ ಅಂಚಿನ ರೇಂಜರ್ ಟೋಪಿ, ಕೈಯಲ್ಲಿ ರೇಡಿಯೋ. ಗಾಡಿಗಳ ಸಂದಿಯಲ್ಲಿ ಓಡಿ ಬಂದದ್ದು ಎಮೆಟ್! ಹತ್ತಿರದಲ್ಲಿ ಇದ್ದವನು ಅವನೊಬ್ಬನೇ ಆದ್ದರಿಂದ, ಮದುಮಗನೇ ಆದರೂ, ರಸ್ತೆ ಬಿಡಿಸಿ ಬಾ ಎಂದು ಅವನಿಗೇ ಕರೆ ಬಂದಿತ್ತು.

"ಸರ್! ನೀವಾ ನೋಡಿದ್ದು?" ಅವನ ಕಣ್ಣು ಹೊಳೆಯುತ್ತಿತ್ತು. "ಆರು ವರ್ಷ ಅವಳ ಹಿಂದೆ ಅಲೆದಿದ್ದೀನಿ. ಬ್ರಿಟಾಗೆ ನಾನು ಮೊದಲನೇ ದಿನ ತೋರ್ಸಿದ್ದೇ ಕುಂಟಜ್ಜೀನ. ಇವತ್ತು, ನಮ್ಮ ಮದುವೆ ದಿನ, ಅದೂ ನಿಮ್ಮ ಕಣ್ಣಿಗೆ!" ಎಂದವನೇ ಆರ್ವಿಲ್‌ನನ್ನು ಬಿಗಿಯಾಗಿ ಅಪ್ಪಿಕೊಂಡು "ಅಪ್ಪಾ!" ಎಂದ.

ಆರ್ವಿಲ್ ನಿಂತಲ್ಲೇ ಕರಗಿಹೋದ. ಸತ್ಯ ಹೇಳಲು ತೆರೆದ ಬಾಯಿ ಹಾಗೇ ನಗುವಾಗಿ ನಿಂತಿತು. ಪುಣ್ಯಾತ್ಮ, ಆ ಒಂದು ಗಳಿಗೆ ತನಗೇ ತೋಳ ಕಂಡಿತ್ತು ಎಂದು ನಂಬಿದ್ದನೋ ಏನೋ.

ಎಮೆಟ್ ಗುಡ್ಡವನ್ನು ನೋಡಿದ, ಅದರ ಬುಡದ ಹುಲ್ಲುಗಾವಲಿನ ಕಡೆ ನೋಡಿದ. ನಿಧಾನವಾಗಿ ಅವನ ಮುಖ ಬಾಡಿತು. ರೇಡಿಯೋ ಎತ್ತಿದ. ಆ ಕಡೆ ಮಾತಾಡಿದ್ದು ಅವನ ಮೇಲಧಿಕಾರಿ ಒಡೆಲ್ ಮೇಡಂ.

"ಮೇಡಂ, ಕುಂಟಜ್ಜಿ ಬಂದಿದ್ದಾಳೆ. ಮರಿಗಳ ಕಾಲ. ಹತ್ತಿರದಲ್ಲೇ ಗವಿ ಇರ್ಬೇಕು."

"ಹಾಗಾದ್ರೆ ಗುಡ್ಡಕ್ಕೂ ಹುಲ್ಲುಗಾವಲಿಗೂ ಜನ ಹೋಗೋ ಹಾಗಿಲ್ಲ. ಮುಚ್ಚಬೇಕು." ರೇಡಿಯೋ ಸ್ವಲ್ಪ ಗೊರಗೊರ ಎಂದಿತು. "ಎಮೆಟ್... ನಿನ್ನ ಮದುವೆ ಅಲ್ಲೇ ಅಲ್ವಾ?"

"ಗೊತ್ತು ಮೇಡಂ. ಬ್ರಿಟಾಗೆ ನಾನೇ ಹೇಳ್ತೀನಿ."

ಈಗ ಆರ್ವಿಲ್‌ನ ನಗು ಇಳಿಯಿತು.

"ಎಮೆಟ್, ತೋಳ ಇಲ್ಲಪ್ಪಾ" ಎಂದ.

"ಏನಂದ್ರಿ?"

"ನಾನು ತೋಳ ನೋಡ್ಲಿಲ್ಲ. ಸುಳ್ಳು ಹೇಳ್ದೆ."

ಎಮೆಟ್ ಅವನ ಎರಡೂ ಕೈ ಹಿಡಿದುಕೊಂಡ. "ಅಪ್ಪಾ, ಮಗಳ ಮದುವೆ ನಿಲ್ಲಬಾರದು ಅಂತ ನೀವು ಈಗ ಸುಳ್ಳು ಹೇಳ್ತಿದ್ದೀರಿ. ನನಗೆ ಅರ್ಥ ಆಗುತ್ತೆ. ನಿಮ್ಮಂಥ ತಂದೆ ಸಿಗೋದು ಪುಣ್ಯ. ಆದ್ರೆ ತೋಳದ ಮರಿಗಳಿಗೂ ತಾಯಿ ಇದ್ದಾಳಲ್ವಾ?"

"ಲೇ, ಇಲ್ಲ ಕಣೋ! ಮರಿ ಇಲ್ಲ, ತಾಯಿ ಇಲ್ಲ, ಏನೂ ಇಲ್ಲ!"

ಗುಂಪಿನಲ್ಲಿ ಗುಜುಗುಜು ಎದ್ದಿತು. "ನಾಚ್ಕೆ ಆಗ್ಬೇಕು!" ಎಂದರು ಮಿಸೆಸ್ ಪ್ರಿಡಿ. "ಒಂದು ಮದುವೆಗೋಸ್ಕರ ಕುಂಟಜ್ಜೀನ ಎರಡನೇ ಸಲ ಸಾಯಿಸ್ತೀರಾ? ಅವಳ ಕಿವೀನ ಈಗ್ತಾನೆ ನಾನೇ ನೋಡಿದ್ದೀನಿ!" ವಿಗ್ಗಿನವನು ಮುಂದೆ ಬಂದು, ಬಾಲದ ಬಗ್ಗೆ ಬೇಕಾದರೆ ಬೈಬಲ್ ಮುಟ್ಟಿ ಪ್ರಮಾಣ ಮಾಡುವೆನೆಂದ. ಆರ್ವಿಲ್ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಎರಡು ಕೈ ಮೇಲೆತ್ತಿ, ಕಣಿವೆಯ ಆಚೆ ಬದಿಗೂ ಕೇಳುವಂತೆ ಕೂಗಿದ.

"ನಾನು ಒಂದಕ್ಕೆ ಹೋಗಿದ್ದೆ!"

ಎದುರಿನ ಗುಡ್ಡ ಆ ಮಾತನ್ನು ಸ್ಪಷ್ಟವಾಗಿ ಇನ್ನೊಂದು ಸಲ ಹೇಳಿತು. ಎಮೆಟ್‌ನ ಹೆಬ್ಬೆರಳು ರೇಡಿಯೋ ಗುಂಡಿಯ ಮೇಲೇ ಇತ್ತು. ಅವನು ಬೆಚ್ಚಿ ಬೆರಳು ತೆಗೆದದ್ದೇ ತಡ, ಅದರಿಂದ ಧ್ವನಿ ಬಂತು. "ಎಮೆಟ್, ಯಾರು ಒಂದಕ್ಕೆ ಹೋಗಿದ್ದು?"

"ನಮ್ಮ ಮಾವ, ಮೇಡಂ. ಪೊದೆ ಹಿಂದೆ ಹೋಗಿದ್ದರಂತೆ. ಕೇಳಿದವರಿಗೆ ತೋಳ ಅಂದ್ರಂತೆ."

"ಹುಡುಗಿ ಅಪ್ಪನಾ? ಅವರ ಮಾತನ್ನ ಹೇಗೆ ನಂಬೋದು? ಮದುವೆ ಅವರ ಮಗಳದ್ದೇ."

"ನಾನು ಸಾಕ್ಷಿ!" ಎಂದು ಲೈಲ್ ರೇಡಿಯೋಗೆ ಬಾಯಿಟ್ಟ.

"ನೀವ್ಯಾರು?"

"ಅವನ ಸ್ನೇಹಿತ."

"ಆಗಲ್ಲ. ಅಲ್ಲಿ ನೋಡಿದೀನಿ ಅನ್ನೋರು ಎಷ್ಟು ಜನ?"

ನಲವತ್ತು ಕೈ ಮೇಲೆದ್ದವು. ಬಸ್ಸಿನ ಚಾಲಕನೂ ಕೈ ಎತ್ತಿದ್ದ. ಅವನು ಸೀಟು ಬಿಟ್ಟು ಇಳಿದೇ ಇರಲಿಲ್ಲ. ಆರ್ವಿಲ್ ರಸ್ತೆಯ ಅಂಚಿನಲ್ಲಿ ಕುಸಿದು ಕೂತ. ಬೇಟೆಗಾರನ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಜೀವಮಾನದಲ್ಲಿ ಅವನು ಹೇಳಿದ ಒಂದು ಸುಳ್ಳನ್ನೂ ಯಾರೂ ನಂಬಿರಲಿಲ್ಲ. ಇದೊಂದನ್ನು ಇಡೀ ಅಮೆರಿಕ ನಂಬಿ ಕೂತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಬೋಳು ತಲೆ ನನಗೆ ನಲವತ್ತು ವರ್ಷದಿಂದ ಗೊತ್ತು, ಅದು ಅಷ್ಟು ಕೆಳಗೆ ಬಾಗಿದ್ದನ್ನು ಹೆಂಡತಿಯ ಮಣ್ಣಿನ ದಿನ ಬಿಟ್ಟರೆ ಮತ್ತೆಂದೂ ನೋಡಿರಲಿಲ್ಲ.

ಆಗ ದೂರದ ಗಾಡಿಗಳ ಕಡೆಯಿಂದ ಜನ ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ರಸ್ತೆಯ ನಡುವೆ ಬಿಳಿಯ ಮದುವೆಯ ಗೌನನ್ನು ಮಂಡಿಯವರೆಗೆ ಎತ್ತಿ ಹಿಡಿದು, ಕಾಲಿಗೆ ಬೆಟ್ಟ ಹತ್ತುವ ಬೂಟು ಹಾಕಿಕೊಂಡು, ಬ್ರಿಟಾ ದಾಪುಗಾಲಿಕ್ಕುತ್ತ ಬರುತ್ತಿದ್ದಳು. ಅಪ್ಪನೂ ಬರಲಿಲ್ಲ, ರಸ್ತೆ ಬಿಡಿಸಲು ಹೋದ ಮದುಮಗನೂ ವಾಪಸ್ಸು ಬರಲಿಲ್ಲ. ಕಾದು ಕಾದು ಅವಳೇ ಹೊರಟು ಬಂದಿದ್ದಳು. ಎಮೆಟ್ ಎಲ್ಲವನ್ನೂ ಹೇಳಿದ, ಹುಲ್ಲುಗಾವಲು ಮುಚ್ಚಬೇಕೆಂಬುದನ್ನೂ ತಲೆ ತಗ್ಗಿಸಿ ಹೇಳಿದ.

"ತೋಳ ಮೊದಲು ನೋಡಿದ್ದು ಯಾರು?" ಎಂದಳು ಬ್ರಿಟಾ.

ಎಲ್ಲರ ಬೆರಳೂ ಆರ್ವಿಲ್ ಕಡೆ ತಿರುಗಿದವು.

ಅವಳು ಅಪ್ಪನನ್ನು ನೋಡಿದಳು. ಆಮೇಲೆ ಆ ಪೊದೆಯನ್ನು ನೋಡಿದಳು. "ಎಮೆಟ್, ಆ ರೇಡಿಯೋ ಕೊಡು" ಎಂದು ಕಸಿದುಕೊಂಡಳು.

"ಒಡೆಲ್ ಮೇಡಂ, ನಾನು ಬ್ರಿಟಾ. ಚಿಕ್ಕಂದಿನಲ್ಲಿ ಅಪ್ಪ ನನ್ನ ಎಲ್ಲೆಲ್ಲಿ ಕಾರಲ್ಲಿ ಕರ್ಕೊಂಡು ಹೋಗಿದಾರೋ ಅಲ್ಲೆಲ್ಲಾ ಪೊದೆ ಹಿಂದೆ ಹೋಗಿದಾರೆ. ಯಾರಾದ್ರೂ ನೋಡಿದ್ರೆ ಪ್ರಾಣಿ ಕಂಡಿತ್ತು ಅಂತಾರೆ. ಅಯೋವಾದಲ್ಲಿ ಚಿರತೆ. ಕಾನ್ಸಾಸ್‌ನಲ್ಲಿ ಮೊಸಳೆ. ನಮ್ಮೂರ ಜೋಳದ ಹೊಲದಲ್ಲಿ ಒಂಟೆ."

ರೇಡಿಯೋದಿಂದ ಒಂದೇ ಮಾತು ಬಂತು. "ಒಂಟೆ?"

"ಎರಡು ಡುಬ್ಬದ್ದು ಮೇಡಂ. ಅವತ್ತು ಅಪ್ಪನ್ನ ನೋಡಿದ್ದು ನಮ್ಮೂರ ಪಾದ್ರಿ. ಅವರಿಗೂ ಇದನ್ನೇ ಹೇಳಿದ್ರು."

ಇನ್ನೊಂದು ಗಳಿಗೆ ಗೊರಗೊರ. ಆಮೇಲೆ ಒಡೆಲ್ ಮೇಡಂ, ನಗು ತಡೆದುಕೊಂಡ ಧ್ವನಿಯಲ್ಲಿ, "ಹುಲ್ಲುಗಾವಲು ಮುಚ್ಚಲ್ಲ. ಆದ್ರೆ ಒಂದು ಗಂಟೆಗೆ ಖಾಲಿ ಮಾಡ್ಬೇಕು, ಅದರಲ್ಲಿ ರಿಯಾಯ್ತಿ ಇಲ್ಲ. ಓಡಿ" ಎಂದರು.

ಎಮೆಟ್ ಮಾತ್ರ ಗುಡ್ಡವನ್ನೇ ನೋಡುತ್ತಿದ್ದ. "ಹಾಗಾದ್ರೆ ಅವಳು ಬರ್ಲಿಲ್ಲ" ಎಂದ ಮೆಲ್ಲಗೆ. ಆರ್ವಿಲ್ ಎದ್ದು ಅವನ ಹತ್ತಿರ ಹೋದ. "ಇಲ್ಲ ಮಗಾ. ತಪ್ಪಾಯ್ತು. ನಿನ್ನ ಕಣ್ಣಲ್ಲಿ ಒಂದ್ಸಲ ದೊಡ್ಡವನಾಗ್ಬೇಕು ಅಂತ ಆಸೆ ಇತ್ತು." ಆಮೇಲೆ ಮಿಸೆಸ್ ಪ್ರಿಡಿಯ ಮುಂದೆ ಹೋಗಿ ಅಲ್ಲೂ ತಪ್ಪೊಪ್ಪಿಕೊಂಡ. ಅವರು ಕನ್ನಡಕ ಒರೆಸುತ್ತ, "ಅಷ್ಟು ಹೊತ್ತು ನಮ್ಮ ಪಾಲಿಗೆ ಅವಳು ಬದುಕಿದ್ದಳು. ಅದಕ್ಕೋಸ್ಕರ ಬೈಯಲ್ಲ, ಹೋಗಿ. ಆದ್ರೆ ಕಿವಿ ಮಾತ್ರ ನಾನು ನೋಡಿದ್ದು ನಿಜ" ಎಂದರು.

ಎಮೆಟ್ ಮಾವನ ಕುತ್ತಿಗೆಯಿಂದ ಆ ದುರ್ಬೀನನ್ನು ಬಿಡಿಸಿ ತನ್ನ ಕೊರಳಿಗೆ ಹಾಕಿಕೊಂಡ. ಆರ್ವಿಲ್‌ಗೆ ನೆಟ್ಟಗೆ ನಿಲ್ಲಲು ಬಂತು.

"ಕಾಯಲ್ಲ ಅಂದಿದ್ದೆ ನೀನು" ಎಂದ ಮಗಳಿಗೆ, ಅವಳ ಮುಖ ನೋಡದೆ.

"ಕಾಯ್ಲಿಲ್ಲವಲ್ಲ, ಬಂದೆ. ಮಾತು ಸಾಕು, ಕೈ ಕೊಡಪ್ಪಾ."

ಮದುಮಗ ಮುಂದೆ ಓಡಿದ, ಲೈಲ್ ಅವನ ಹಿಂದೆ "ಹೊತ್ತಾಯ್ತು, ಹೊತ್ತಾಯ್ತು" ಎಂದು ಕೂಗುತ್ತ ಓಡಿದ. ನಿಂತ ಗಾಡಿಗಳ ಎರಡು ಸಾಲಿನ ನಡುವೆ ಅಪ್ಪ ಮಗಳು ಕೈ ಹಿಡಿದುಕೊಂಡು ಅರ್ಧ ನಡೆದು ಅರ್ಧ ಓಡಿದರು. ಗಾಡಿ ಹೇಗೂ ಅಲುಗಾಡುವಂತಿರಲಿಲ್ಲವಾದ್ದರಿಂದ ಜನರೆಲ್ಲ ಕುರ್ಚಿ ಎತ್ತಿಕೊಂಡು ಹಿಂದೆಯೇ ಬಂದರು. ಹುಲ್ಲುಗಾವಲಿಗೆ ಬರಲು ಅಪ್ಪಣೆ ಇದ್ದದ್ದು ನೆಂಟರಿಗೆ ಮಾತ್ರ. ಉಳಿದವರು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತರು. ಮಿಸೆಸ್ ಪ್ರಿಡಿ ದೂರದರ್ಶಕವನ್ನು ಪಾದ್ರಿಯ ಮೂಗಿಗೆ ನೇರ ಹೊಂದಿಸಿದರು.

ಪಾದ್ರಿ ಗಡಿಯಾರ ನೋಡಿಕೊಂಡು ಅವಸರವಾಗಿ ಪುಸ್ತಕ ತೆರೆದರು. "ಈ ವಧುವನ್ನು ಇಲ್ಲಿಗೆ ಕರೆತಂದವರು ಯಾರು?"

"ನಾನು" ಎಂದರೆ ಮುಗಿಯುತ್ತಿತ್ತು. ಆರ್ವಿಲ್ ಬೆವರು ಒರೆಸಿಕೊಂಡ. ಲೈಲ್ ಹಲ್ಲು ಕಡಿದ.

"ಸ್ವಾಮಿ, ಇವತ್ತಿಗೆ ಸುಳ್ಳು ಸಾಕು" ಎಂದ ಆರ್ವಿಲ್. "ನಾನು ಇವಳನ್ನ ಕರ್ಕೊಂಡು ಬರ್ಲಿಲ್ಲ. ಇವಳೇ ಬಂದು ನನ್ನನ್ನ ಕರ್ಕೊಂಡು ಬಂದ್ಲು."

ಅಳಲ್ಲ ಎಂದಿದ್ದ ಹುಡುಗಿ ಅಪ್ಪನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ಪಾದ್ರಿ ಪುಸ್ತಕದಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ಹುಡುಕಿದರು, ಆ ಉತ್ತರ ಅಲ್ಲಿ ಸಿಗಲಿಲ್ಲ. "ಅದೂ ಆಗುತ್ತೆ" ಎಂದು ಪುಟ ತಿರುವಿದರು.